ಎರಡು ಬೆರಳು ಮೇಲಿನ ಗೆರೆ

ಉಪ್ಪಕ್ಕ ಅಡುಗೆಮನೆಯ ಎಣ್ಣೆ ಬಾಟಲಿಗೂ ಗೆರೆ ಹಾಕಿಡುವವಳು. ಹೊಸ ಬಾಟಲಿಯ ಮುಚ್ಚಳ ತೆಗೆದ ದಿನವೇ ಕಪ್ಪು ಮಾರ್ಕರ್ ತಂದು, ಎಣ್ಣೆ ನಿಂತಲ್ಲಿ ಉಗುರಿನುದ್ದದ ಒಂದು ಗೆರೆ. ಸೊಸೆ ಹುಬ್ಬೇರಿಸಿದರೆ, "ನಂಬಿಕೆ ಇಲ್ಲ ಅಂತಲ್ಲ ಕಣೆ, ಸುಮ್ನೆ ಗುರುತಿಗೆ" ಎನ್ನುವಳು; ಗೆರೆ ಕಂಡು ಕೇಳಿದವರಿಗೆಲ್ಲ ಅದೇ ಉತ್ತರ.

"ನಿಮ್ಮ ಮಗನ ಹಣೆಗೂ ಒಂದು ಹಾಕಿಬಿಡಿ ಅತ್ತೆ, ಕೂದಲು ಎಲ್ಲಿವರೆಗೆ ಹಿಂದಕ್ಕೆ ಹೋಗತ್ತೆ ಅಂತ ಗೊತ್ತಾಗ್ಲಿ" ಎಂದು ಸೊಸೆ ಒಮ್ಮೆ ಹೇಳಿದ್ದಳು. ಉಪ್ಪಕ್ಕನಿಗೂ ನಗು ಬಂತು. ಗೆರೆ ಮಾತ್ರ ನಿಲ್ಲಲಿಲ್ಲ.

ಅದು ಕೆಲಸದಿಂದ ಬಂದ ಚಾಳಿ. ಗಂಡನಿಗೆ ಅಲಂಕಾರದ ಮೀನಿನ ಅಂಗಡಿಯಿತ್ತು. ಅವನ ಬೆನ್ನು ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿತು. ಊರಿನಲ್ಲಿ ಅಲ್ಲಲ್ಲಿ ಅವನು ಕೂರಿಸಿದ್ದ ಉಪ್ಪುನೀರಿನ ತೊಟ್ಟಿಗಳ ಉಸ್ತುವಾರಿ ಇವಳ ಹೆಗಲಿಗೆ ಬಂತು. ಉಪ್ಪಿನ ಚೀಲ ಹೊತ್ತು ಮೆಟ್ಟಿಲು ಹತ್ತುವುದನ್ನು ಕಂಡವರು ಉಪ್ಪಕ್ಕ ಎಂದರು; ಹೆಸರು ಹಾಗೇ ಅಂಟಿತು.

ಅವಳು ಮೊದಲು ಕೈಹಚ್ಚಿದ್ದು ಹಲ್ಲಿನ ಆಸ್ಪತ್ರೆಯ ತೊಟ್ಟಿಗೆ. ಹದಿನಾಲ್ಕು ವರ್ಷವಾಯಿತು. ಒಳಗೆ ಯಂತ್ರ ಗುಂಯ್ ಎಂದಾಗ ಹೊರಗೆ ಕೂತ ಮಕ್ಕಳು ಗಾಜಿಗೆ ಮೂಗೊತ್ತಿ ಅಳು ಮರೆಯುತ್ತಿದ್ದರು. ಅದರಲ್ಲಿ ಕಿತ್ತಳೆ ಬಣ್ಣದ ಒಂದು ಜೋಡಿ ಮೀನು, ನಾಲ್ಕೈದು ಚಿಲ್ಲರೆ ಮೀನು, ಹೂವಿನ ಹಾಗೆ ಅರಳಿ ಆ ಜೋಡಿಯನ್ನು ಎಸಳುಗಳೊಳಗೆ ಮಲಗಿಸಿಕೊಳ್ಳುವ ಒಂದು ಕಡಲಹೂ. ಅದು ಹೆಸರಿಗೆ ಹೂ, ಜಾತಿಯಲ್ಲಿ ಪ್ರಾಣಿ.

ತೊಟ್ಟಿಯ ಮೂಲೆಯಲ್ಲಿ ಬಾಚಣಿಗೆಯಂಥ ಸಂದುಗಳಿದ್ದವು. ತುಂಬಿದ ನೀರು ಆ ಸಂದುಗಳಿಂದ ಕೊಳವೆಗೆ ಇಳಿದು, ಕೆಳಗಿನ ಕಪಾಟಿನಲ್ಲಿದ್ದ ಕೆಳತೊಟ್ಟಿಗೆ ಬೀಳುತ್ತಿತ್ತು. ಪಂಪು ಅದನ್ನು ಮತ್ತೆ ಮೇಲಕ್ಕೆ ದೂಡುತ್ತಿತ್ತು. ಪಾಚಿ ಕಟ್ಟಿದ ಆ ಸಂದುಗಳನ್ನು ಉಪ್ಪಕ್ಕ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜುವಾಗ ಡಾಕ್ಟರು, "ನನ್ನ ಪೇಷೆಂಟುಗಳೂ ಇಷ್ಟು ಚೆನ್ನಾಗಿ ಉಜ್ಜಿದ್ರೆ ನಾನು ಬಾಗಿಲು ಹಾಕ್ಬೇಕಾಗ್ತಿತ್ತು" ಎನ್ನುವರು.

ನೀರು ಎಷ್ಟೇ ಆರಿದರೂ ಮೇಲಿನ ತೊಟ್ಟಿಯಲ್ಲಿ ಗೊತ್ತಾಗುವುದಿಲ್ಲ. ಕೊರತೆ ಕಾಣುವುದು ಕೆಳತೊಟ್ಟಿಯಲ್ಲಿ. ಅದಕ್ಕೇ ಗೆರೆ ಅಲ್ಲಿ. ಆರುವುದು ನೀರು ಮಾತ್ರ, ಉಪ್ಪು ಹಿಂದೆ ಉಳಿಯುತ್ತದೆ. ಹಾಗಾಗಿ ಗೆರೆಯವರೆಗೆ ಸಿಹಿನೀರು ತುಂಬಿದರೆ ಲೆಕ್ಕ ಸರಿಹೋಗುತ್ತದೆ. ನಾಲ್ಕು ತಿಂಗಳ ಹಿಂದೆ, ಹಳೆಯ ಗೆರೆ ಮಾಸಿದೆಯೆಂದು ಒರೆಸಿ ಹೊಸದು ಹಾಕಿದ್ದಳು. ಅದು ಬಿಟ್ಟರೆ ಹದಿನಾಲ್ಕು ವರ್ಷದಲ್ಲಿ ಬದಲಾದದ್ದೇನೂ ಇರಲಿಲ್ಲ.

ಕಳೆದ ತಿಂಗಳು ಲೆಕ್ಕ ತಪ್ಪಿತು. ಅರ್ಧ ಕ್ಯಾನು ನೀರು ಹಿಡಿಯುತ್ತಿದ್ದ ಕಡೆ ಒಂದೂವರೆ ಹಿಡಿಯತೊಡಗಿತು. ಉಪ್ಪು ನೋಡುವ ಕೊಳವೆಯ ಗಾಜಿಗೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದಳು. ಮೂವತ್ತೈದು ಇರಬೇಕಾದದ್ದು ಮೂವತ್ತಮೂರು. ಮುಂದಿನ ವಾರ ಮೂವತ್ತೊಂದು. ನೀರು ಆರಿಹೋದದ್ದಾಗಿದ್ದರೆ ಉಪ್ಪು ಕಮ್ಮಿಯಾಗುವ ಮಾತೇ ಇಲ್ಲ. ಯಾರೋ ಉಪ್ಪುನೀರನ್ನೇ ಹೊರಗೆ ಸಾಗಿಸುತ್ತಿದ್ದಾರೆ, ಆ ಜಾಗಕ್ಕೆ ತಾನು ಸಿಹಿನೀರು ಸುರಿಯುತ್ತಿದ್ದಾಳೆ.

ಕಡಲಹೂ ಮುದುಡಿ ಮುಷ್ಟಿಯಷ್ಟಾಯಿತು. ಒಂದು ಚಿಲ್ಲರೆ ಮೀನು ಸತ್ತು ಸಂದಿಗೆ ಅಂಟಿಕೊಂಡಿತ್ತು. ಡಾಕ್ಟರು ಜೋಕು ಬಿಟ್ಟು ಮಾತಾಡಿದರು.

"ಸತ್ತ ಮೀನು ನೋಡ್ಕೊಂಡು ಮಕ್ಕಳು ಒಳಗೆ ಬಂದ್ರೆ ನಾನೇನ್ ಮಾಡ್ಲಿ ಅಕ್ಕ? ಇನ್ನೊಂದು ಸತ್ರೆ ತೊಟ್ಟಿ ತೆಗೆಸಿ ಟಿವಿ ಹಾಕಿಸ್ತೀನಿ."

ಉಪ್ಪಕ್ಕ ತಲೆಯಾಡಿಸಿದಳು. ಆ ಜೋಡಿ ಮೀನು ಹುರುಳಿಕಾಳಿನಷ್ಟಿದ್ದಾಗ ತಂದುಬಿಟ್ಟವಳು ಅವಳೇ. ಟಿವಿ ಬಂದರೆ ಅವು ಹೋಗುವುದಾದರೂ ಎಲ್ಲಿಗೆ?

ಮಂಡಿಯೂರಿ ಕಪಾಟಿನೊಳಗೆ ತಲೆ ತೂರಿಸಿದಳು. ಸೋರಿಕೆಯಿದ್ದರೆ ತೇವವಿರಬೇಕು, ಬಿಳಿ ಕಲೆ ಇರಬೇಕು. ಕಪಾಟಿನ ತಳ ಒಣಗಿತ್ತು, ಸಾಲದ್ದಕ್ಕೆ ಫಿನಾಯಿಲ್ ವಾಸನೆ. ಯಾರೂ ಬಗ್ಗಿ ನೋಡದ ಆ ಜಾಗ ಅಷ್ಟು ಚೊಕ್ಕಟವಾಗಿದ್ದದ್ದು ಅವಳ ತಲೆಗೆ ಹುಳ ಬಿಟ್ಟಿತು.

ಫಿನಾಯಿಲ್ ಹಿಡಿಯುವ ಕೈ ಆಸ್ಪತ್ರೆಯಲ್ಲಿ ಒಂದೇ. ನೆಲ ಒರೆಸುವವಳು ಕೆಲಸಕ್ಕೆ ಸೇರಿ ಆರು ವಾರವಾಗಿತ್ತು. ನಕ್ಕರೆ ಅರ್ಧ ನಗು, ಕೇಳಿದರೆ ಅರ್ಧ ಉತ್ತರ. ಉಪ್ಪಕ್ಕ ಎದುರಾದರೆ ಬಕೆಟ್ಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಳ್ಳುವಳು. ಹಿತ್ತಲಿನ ಕಂಬಿಯ ಮೇಲೆ ಅವಳ ಒರೆಸುವ ಬಟ್ಟೆ ಒಣಗುತ್ತಿತ್ತು, ಅಂಚಿಗೆಲ್ಲ ಬಿಳಿ ಪುಡಿ. ಉಪ್ಪಕ್ಕ ಆಚೀಚೆ ನೋಡಿ ಬೆರಳಿಂದ ಸವರಿ ನಾಲಿಗೆಗಿಟ್ಟಳು. ಉಪ್ಪು. ಹಿಂದೆಯೇ ಫಿನಾಯಿಲ್‌ನ ಕಹಿ. ಅರ್ಧ ಗಂಟೆ ಉಗುಳಿದಳು.

'ಮೀನು ಸಾಕುವವರು ಯಾರಿಗೋ ಕದ್ದು ಕೊಡ್ತಿದಾಳೆ' ಎಂದು ಒಮ್ಮೆ ಅನ್ನಿಸಿತು. 'ನನ್ನ ಕೆಲಸದ ಮೇಲೆ ಯಾರದ್ದೋ ಕಣ್ಣು ಬಿದ್ದಿದೆ, ಇವಳ ಕೈಲಿ ಮಾಡಿಸ್ತಿದಾರೆ' ಎಂದು ಇನ್ನೊಮ್ಮೆ. ಎರಡನ್ನೂ ಸೊಸೆಗೆ ಹೇಳಿದಳು.

"ಕೇಳಿಬಿಡಿ ಅತ್ತೆ ಅವಳನ್ನೇ."

"ಕೇಳಿದ್ರೆ ಹುಷಾರಾಗ್ತಾಳೆ."

ಮರುದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕಾವಲಿನವನಿಗೆ ಏನೋ ನೆಪ ಹೇಳಿ ಒಳಗೆ ಹೋದಳು. ಎಕ್ಸ್‌ರೇ ಕೋಣೆಯ ಬಾಗಿಲನ್ನು ಬೆರಳಗಲ ತೆರೆದಿಟ್ಟು, ಸ್ಟೂಲಿನ ಮೇಲೆ ಕೂತಳು.

ಒರೆಸುವವಳು ಬಂದಳು. ಹಿಂದೆ ಚಕ್ರದ ಮೇಲೆ, ಅವಳ ಜೊತೆಗೇ ಆಸ್ಪತ್ರೆಗೆ ಬಂದಿದ್ದ ನೆಲ ಉಜ್ಜುವ ಹೊಸ ಯಂತ್ರ. ಅವಳು ಮೊದಲು ಮಾಡಿದ್ದು ಕಪಾಟಿನ ಬಾಗಿಲು ತೆಗೆದು ಕೆಳತೊಟ್ಟಿಯ ಸುತ್ತ ಹಳೆಯ ಬಟ್ಟೆ ಒತ್ತಿದ್ದು. ಆಮೇಲೆ ಪಂಪಿನ ಪ್ಲಗ್ಗು ಕಿತ್ತು ಯಂತ್ರದ್ದನ್ನು ಚುಚ್ಚಿದಳು. ಆ ಗೋಡೆಗಿದ್ದದ್ದು ಅದೊಂದೇ ಪ್ಲಗ್ ಪಾಯಿಂಟು.

ಹದಿನಾಲ್ಕು ವರ್ಷ ಜನರೇಟರಿನ ದಯೆಯಿಂದ, ಉಪ್ಪಕ್ಕನಿಗೆ ತಿಳಿದಂತೆ ಒಮ್ಮೆಯೂ ನಿಲ್ಲದ ನೀರಿನ ಸದ್ದು ನಿಂತಿತು. ಮೇಲಿನ ನೀರು ಸಂದುಗಳ ಬುಡದವರೆಗೆ ಸದ್ದಿಲ್ಲದೆ ಇಳಿಯಿತು. ಕೆಳತೊಟ್ಟಿಯಲ್ಲಿ ಗೆರೆ ಮುಳುಗಿತು. ನೀರು ಅಂಚು ಮುಟ್ಟಿತು, ತುಳುಕಿತು. ಒರೆಸುವವಳು ಯಂತ್ರ ಬಿಟ್ಟು ಓಡಿಬಂದು ಬಟ್ಟೆ ಹಿಂಡತೊಡಗಿದಳು.

"ಸಿಕ್ಕಿಬಿದ್ದೆ ನೋಡು" ಎನ್ನುತ್ತ ಉಪ್ಪಕ್ಕ ಹೊರಗೆ ಬಂದಳು.

ಅವಳ ಕೈಯ ಬಟ್ಟೆ ಬಕೆಟ್ಟಿಗೆ ಬಿತ್ತು.

"ಯಾರ್ ಸಿಕ್ಕಿಬಿದ್ದಿದ್ದು ಅಕ್ಕ? ಬಂದಾಗೆಲ್ಲ ಇಷ್ಟು ತುಂಬಿಸಿಟ್ಟು ಹೋಗೋರು ನೀವು. ನಾನು ಬಂದಾಗಿಂದ ನೋಡ್ತಿದೀನಿ. ನನ್ನ ಕೆಲಸದಿಂದ ತೆಗೆಸೋಕೇ ಹೀಗೆ ಮಾಡ್ತಿದೀರ ಅಂದ್ಕೊಂಡೆ."

"ನಾನ್ಯಾಕೆ ತೆಗೆಸ್ಲಿ?"

"ನೋಡೋದು ಹಾಗೆ ನೋಡ್ತೀರಲ್ಲ." ಅವಳು ಬಗ್ಗಿ ಕೆಳತೊಟ್ಟಿಯ ಗಾಜಿಗೆ ಬೆರಳಿಟ್ಟಳು. "ಇಲ್ಲಿ ಹಳೇ ಗೆರೆಯ ಕಲೆ ಇದೆ. ಒರೆಸೋ ಕೆಲಸ ನಂದು, ಕಾಣತ್ತೆ. ಎರಡು ಬೆರಳು ಮೇಲೆ ಹಾಕಿದೀರ. ಯಾಕೆ?"

ಉಪ್ಪಕ್ಕ ಬಗ್ಗಿ ಆ ಕಲೆ ನೋಡಿದಳು. ಗೆರೆ ಮಾಸಿದ್ದು ನಿಜ. ಹೊಸದನ್ನು ಎರಡು ಬೆರಳು ಮೇಲೆ ಎಳೆದದ್ದೂ ನಿಜ. ಮಂಡಿ ನೋಯುತ್ತಿತ್ತು, ಎರಡು ಬೆರಳು ಹೆಚ್ಚು ನೀರಿದ್ದರೆ ವಾರಕ್ಕೆ ಮೂರು ಸಲ ಬರುವ ಕಡೆ ಎರಡು ಸಲ ಬಂದರೆ ಸಾಕಿತ್ತು. ಯಾರಿಗೂ ಹೇಳಿರಲಿಲ್ಲ. 'ಕೆಳತೊಟ್ಟಿಲಿ ಮೇಲಿನ ನಾಲ್ಕು ಬೆರಳು ಖಾಲಿ ಬಿಡು, ಪಂಪು ನಿಂತಾಗ ಇಳಿಯೋ ನೀರಿಗೆ ಅದೇ ಮನೆ' ಎಂದು ಗಂಡ ಹೇಳಿಕೊಟ್ಟಿದ್ದ. ಪಂಪು ಎಂದೂ ನಿಲ್ಲದ್ದರಿಂದ ಆ ಮಾತು ಎಲ್ಲೋ ಮೂಲೆ ಸೇರಿತ್ತು.

ಅಷ್ಟರಲ್ಲಿ ಡಾಕ್ಟರು ಬಂದರು. ನೆಲದ ನೀರು ನೋಡಿದರು, ಕಿತ್ತ ಪ್ಲಗ್ಗು ನೋಡಿದರು.

"ಯಾರ್ ಮಾಡಿದ್ದು ಇದು?"

ಒರೆಸುವವಳು ತಲೆ ತಗ್ಗಿಸಿದಳು. ಪ್ಲಗ್ಗು ಕಿತ್ತದ್ದು ಅವಳೇ; ಅಷ್ಟು ಹೇಳಿದರೆ ಸಾಕಿತ್ತು, ತೊಟ್ಟಿ ಉಳಿಯುತ್ತಿತ್ತು. ಉಪ್ಪಕ್ಕನ ಬಾಯಿಗೆ ಆ ಮಾತು ಬಂದೂ ಬಂತು. ನಾಲಿಗೆಯ ಮೇಲೆ ಫಿನಾಯಿಲ್ ಕಹಿ ಇನ್ನೂ ಇದ್ದಂತಿತ್ತು.

"ಗೆರೆ ಮೇಲೆ ಹಾಕಿದ್ದು ನಾನು ಡಾಕ್ಟ್ರೆ. ಬರೋದು ಒಂದು ಸಲ ತಪ್ಪಲಿ ಅಂತ. ಜಾಗ ಇದ್ದಿದ್ರೆ ಇವಳು ಪ್ಲಗ್ಗು ಕಿತ್ರೂ ಏನೂ ಆಗ್ತಿರ್ಲಿಲ್ಲ."

ಡಾಕ್ಟರು ಬಗ್ಗಿ ಗೆರೆಯನ್ನೂ ಹಳೆಯ ಕಲೆಯನ್ನೂ ನೋಡಿದರು. "ಈ ತಿಂಗಳು ನೋಡ್ತೀನಿ" ಎಂದು ಒಳಗೆ ಹೋದರು.

ಉಪ್ಪಕ್ಕ ಮತ್ತೆ ವಾರಕ್ಕೆ ಮೂರು ಸಲ ಬಂದಳು. ಗೆರೆ ಕೆಳಗಿಳಿಯಿತು. ಒಮ್ಮೆಲೇ ಸುರಿಯದೆ ಉಪ್ಪುನೀರನ್ನು ಚೂರುಚೂರೇ ಸೇರಿಸಿದಳು. ಮೂವತ್ತೆರಡು, ಮೂವತ್ತಮೂರು. ತಿಂಗಳ ಕೊನೆಗೆ ಕಡಲಹೂ ಅಂಗೈಯಗಲ ಅರಳಿ, ಜೋಡಿ ಅದರೊಳಗೆ ಹೊರಳಾಡಿತು. ಟಿವಿಯ ಮಾತನ್ನು ಯಾರೂ ಎತ್ತಲಿಲ್ಲ.

ಅದೇ ದಿನ ಕಪಾಟು ತೆರೆದವಳಿಗೆ ತನ್ನ ಕಪ್ಪು ಗೆರೆಯ ಪಕ್ಕದಲ್ಲೇ, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ, ಕೆಂಪು ಉಗುರುಬಣ್ಣದ ಇನ್ನೊಂದು ಗೆರೆ ಕಂಡಿತು. ತಿರುಗಿ ನೋಡಿದಳು. ಒರೆಸುವವಳು ಕೋಲಿಗೆ ಗದ್ದ ಊರಿ ನಿಂತಿದ್ದಳು.

"ಇದೇನೇ ತಂಗಿ ಇದು?"

"ನಂಬಿಕೆ ಇಲ್ಲ ಅಂತಲ್ಲ ಅಕ್ಕ" ಎಂದಳು ಅವಳು, ಅದೇ ಅರ್ಧ ನಗುವಿನಲ್ಲಿ. "ಸುಮ್ನೆ ಗುರುತಿಗೆ."