ಬ್ರೇಕಮ್ಮನ ಎರಡನೇ ಕಾರು

ಆ ಊರಿನಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ಬ್ರೇಕಮ್ಮನಿಂದ ಬೈಸಿಕೊಂಡವರೇ. ಡ್ರೈವಿಂಗ್ ಕಲಿಸುವುದು ಅವಳ ಕಸುಬು. ಅವಳ ಪುಟ್ಟ ಬಿಳಿ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು. ಕಲಿಯುವವರು ಹಾಲಿನ ವ್ಯಾನಿಗೆ ಮುತ್ತಿಡಲು ಹೊರಟಾಗ ಅವಳ ಕಾಲು ತಣ್ಣಗೆ ತನ್ನ ಕೆಲಸ ಮಾಡುತ್ತಿತ್ತು. ಬಾಯಿ ಮಾತ್ರ ತಣ್ಣಗಿರುತ್ತಿರಲಿಲ್ಲ.

ಔಷಧದ ಗೋದಾಮಿನಲ್ಲಿ ಮೇಲ್ವಿಚಾರಕರಾಗಿದ್ದ ಅವಳ ಯಜಮಾನರಿಗೆ ದೂರದ ಊರಿಗೆ ವರ್ಗವಾಯಿತು. ಕಾರಿನಲ್ಲಿ ಹೊರಟರೆ ಒಂದಿಡೀ ಹಗಲಿನ ದಾರಿ. ಮಂಚ, ಬೀರು, ಪಾತ್ರೆ ಪಡಗಗಳಿಗೆ ಲಾರಿ ಗೊತ್ತಾಯಿತು. ಮನೆಯ ನೀಲಿ ಕಾರಿನಲ್ಲಿ ಗಂಡ, ಹೆಂಡತಿ, ಅತ್ತೆ ಮೂವರೂ ಹೋಗುವುದೆಂದಾಯಿತು. ಉಳಿದದ್ದು ಬಿಳಿ ಕಾರು.

"ಆ ಡಬ್ಬಾನ ಇಲ್ಲೇ ಮಾರಿಬಿಡೋಣ ಕಣೇ" ಎಂದರು ಯಜಮಾನರು.

"ಮಾರಿ? ಅಲ್ಲಿ ಹೋಗಿ ನಾನೇನು ಕಿಟಕಿ ಗಾಜು ಒರೆಸ್ಕೊಂಡು ಕೂರ್ಲಾ?"

ಅಲ್ಲಿಂದ ಶುರುವಾಯಿತು. ಒಂದು ದಿನ ಎಂಜಿನ್ ತಡೆಯೋದಿಲ್ಲ ಎಂದರು, ಇನ್ನೊಂದು ದಿನ ಹೊಸ ಮನೆಯಲ್ಲಿ ನಿಲ್ಲಿಸಲು ಜಾಗವಿಲ್ಲ ಎಂದರು, ಮತ್ತೊಂದು ದಿನ ಬಿಳಿ ಬಣ್ಣಕ್ಕೆ ಆ ಊರಿನ ಧೂಳು ಆಗಿಬರೋದಿಲ್ಲ ಎಂದರು. ಬ್ರೇಕಮ್ಮ ಎಲ್ಲಕ್ಕೂ ಉತ್ತರ ಕೊಟ್ಟಳು. ಆ ಕಾರಿದ್ದರೆ ಎಲ್ಲಿ ಹೋದರೂ ಅವಳು ಮೇಡಂ. ಇಲ್ಲದಿದ್ದರೆ ಹೊಸ ಬೀದಿಯಲ್ಲಿ ಮೇಲ್ವಿಚಾರಕರ ಹೆಂಡತಿ, ಅಷ್ಟೇ. ಬಾಡಿಗೆ ಡ್ರೈವರ್ ಒಬ್ಬ ಬಂದ. ಬ್ರೇಕಮ್ಮ ಪಕ್ಕದಲ್ಲಿ ಕೂತು ಬೀದಿಯ ತಿರುವಿನವರೆಗೆ ಓಡಿಸಿ ನೋಡಿದಳು. "ಕ್ಲಚ್ ಮೇಲೆ ಕಾಲಿಟ್ಟು ನಿದ್ದೆ ಮಾಡ್ತಾನೆ" ಎಂದು ಅಲ್ಲೇ ಇಳಿಸಿ ಕಳಿಸಿದಳು.

"ನೀವೊಂದು ಓಡಿಸಿ, ನಾನೊಂದು ಓಡಿಸ್ತೀನಿ. ಮುಗೀತಲ್ಲ ರೀ?"

ಯಜಮಾನರ ಮುಖ ಇಳಿದುಹೋಯಿತು. ಏನೋ ನೆನಪಾದವರಂತೆ ಎದ್ದು ಹೊರಗೆ ಹೋದರು. ಲೋಟಗಳಿಗೆ ಹಳೆಯ ಪತ್ರಿಕೆ ಸುತ್ತುತ್ತ ಕೂತಿದ್ದ ಅತ್ತೆ ತಲೆ ಎತ್ತದೆ ಹೇಳಿದರು, "ಅವನು ಒಬ್ಬನೇ ಯಾವತ್ತು ಓಡಿಸಿದಾನೆ ಹೇಳು? ಗೋದಾಮಿಗೆ ಹೋಗೋದು ಕಂಪನಿ ಬಸ್ಸಲ್ಲಿ. ಉಳಿದಂಗೆ ನೀನು ಪಕ್ಕದಲ್ಲಿ ಕೂತು ಗೇರು, ಬ್ರೇಕು ಅಂತ ಕೂಗ್ತಾ ಇರ್ತೀಯ. ನೀನಿಲ್ದೆ ಅವನಿಗೆ ಗೇಟು ದಾಟಕ್ಕೂ ಧೈರ್ಯ ಇಲ್ಲಮ್ಮ."

ಬ್ರೇಕಮ್ಮನಿಗೆ ನಗು ಉಕ್ಕಿ ಬಂತು. ಅದರ ಹಿಂದೆಯೇ ಅಯ್ಯೋ ಪಾಪ ಅನ್ನಿಸಿತು. ಇಪ್ಪತ್ತು ವರ್ಷ ಊರಿಗೆಲ್ಲ ಕಲಿಸಿದವಳು ಗಂಡನಿಗೆ ಕಲಿಯಲು ಬಿಟ್ಟೇ ಇರಲಿಲ್ಲ.

ಅವಳು ಉಪಾಯ ಹೂಡಿದಳು. ಯಜಮಾನರು ಬಿಳಿ ಕಾರಿನಲ್ಲಿ ಮುಂದೆ. ಆ ಕಾರಿನ ಹಿಂದೂ ಮುಂದೂ ಕೆಂಪು ಎಲ್ ಬೋರ್ಡು ಇರುವುದರಿಂದ ಯಾರೂ ಹತ್ತಿರ ಸುಳಿಯುವುದಿಲ್ಲ. ಅವಳು ನೀಲಿ ಕಾರಿನಲ್ಲಿ ಹಿಂದೆ, ಹಾರ್ನ್ ಹೊಡೆದು ಹೇಳಿಕೊಡುತ್ತಾಳೆ. ಒಂದು ಹೊಡೆದರೆ ಗೇರ್ ಇಳಿಸಬೇಕು, ಎರಡಕ್ಕೆ ನಿಧಾನ, ಉದ್ದಕ್ಕೆ ಎಳೆದರೆ ಎಡಕ್ಕೆ ಹೋಗಬೇಕು. ಯಜಮಾನರು ಮೂರನ್ನೂ ಬಾಯಿಪಾಠ ಮಾಡಿಕೊಂಡರು. ಎಲ್ ಬೋರ್ಡನ್ನು ನೋಡಿ ಮಾತ್ರ ಮುಖ ಹುಳ್ಳಗೆ ಮಾಡಿದರು.

ಹೊರಡುವಾಗ ಅತ್ತೆ ಸೀದಾ ನೀಲಿ ಕಾರು ಹತ್ತಿದರು. "ನನಗೆ ಇನ್ನೂ ಸ್ವಲ್ಪ ದಿನ ಬದುಕೋ ಆಸೆ ಇದೆ" ಎಂದರು ಮಗನಿಗೆ.

ಊರು ದಾಟುವವರೆಗೆ ಎಲ್ಲ ಸುಸೂತ್ರ. ಹೆದ್ದಾರಿ ಹತ್ತಿದ ಮೇಲೆ ಕೆಟ್ಟಿತು. ಹಾರ್ನ್ ಅನ್ನುವುದು ಬ್ರೇಕಮ್ಮನ ಕಾರಿಗೆ ಮಾತ್ರ ಇರುವುದೇ? ಬಸ್ಸಿನವನು ಎರಡು ಹೊಡೆದ, ಯಜಮಾನರು ನಿಧಾನ ಮಾಡಿದರು. ಸ್ಕೂಟರಿನವನು ಒಂದು ಹೊಡೆದ, ಗೇರ್ ಇಳಿಸಿದರು. ಆಮೇಲೆ ಲಾರಿಯೊಂದು ಉದ್ದಕ್ಕೆ ಎಳೆಯಿತು. ಯಜಮಾನರು ವಿಧೇಯರಾಗಿ ಎಡಕ್ಕೆ ತಿರುಗಿ ಹೆಂಚಿನ ಕಾರ್ಖಾನೆಯೊಂದರ ಅಂಗಳಕ್ಕೆ ಹೋಗಿಬಿಟ್ಟರು. ಕಾವಲುಗಾರ ಯಾರೋ ದೊಡ್ಡ ಸಾಹೇಬರೆಂದು ಗೇಟು ತೆಗೆದು ಸಲಾಮು ಹೊಡೆದ.

ಹಿಂದೆಯೇ ಬಂದ ಬ್ರೇಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಡ ಸ್ಟಿಯರಿಂಗ್ ಬಿಡದೆ ಕೂತೇ ಇರುವುದನ್ನು ನೋಡಿ ನಗು ನಿಲ್ಲಿಸಿದಳು.

"ಇಲ್ಲೇ ಬಿಟ್ಟು ಹೋಗೋಣ ಕಣೇ ಇದನ್ನ. ನನ್ನ ಕೈಲಾಗಲ್ಲ" ಎಂದರು ಯಜಮಾನರು. ಅಷ್ಟು ವರ್ಷದಲ್ಲಿ ಅವರು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಇಲ್ಲಿವರೆಗೆ ಓಡಿಸಿದ್ದು ಮತ್ತ್ಯಾರು? ಲಾರಿಯವನಾ? ಇನ್ನು ಹಾರ್ನ್ ಬೇಡ. ಯಾರು ಹೊಡೆದ್ರೂ ಕಿವಿಗೆ ಹಾಕ್ಕೋಬೇಡಿ, ನನ್ನದನ್ನೂ. ನಾನು ಹಿಂದೇನೇ ಇರ್ತೀನಿ."

ಹಾಗೆಂದವಳು ಸ್ವಲ್ಪ ದೂರ ಹಿಂದೆ ಬಂದಳು. ರಸ್ತೆ ನೆಟ್ಟಗಾದಲ್ಲಿ ಗಂಡನ ಪಕ್ಕದಿಂದಲೇ ಮುಂದೆ ನುಗ್ಗಿ, ಒಮ್ಮೆ ಕೈಬೀಸಿ, ಕಣ್ಮರೆಯಾದಳು.

"ಪಾಪಿ!" ಎಂದರು ಅತ್ತೆ. "ನನ್ನ ಮಗನ್ನ ನಡುನೀರಲ್ಲಿ ಕೈಬಿಟ್ಟೆಯಲ್ಲೇ!"

"ಕೈಬಿಡದೆ ಯಾರು ಕಲ್ತಿದ್ದಾರೆ ಅತ್ತೆ?" ಎಂದಳು. ಬಾಯಲ್ಲಿ ಅಂದದ್ದೇ ಬಂತು, ಕಣ್ಣೆಲ್ಲ ಕನ್ನಡಿಯ ಮೇಲೆಯೇ ಇತ್ತು.

ಹೊಸ ಮನೆ ಮುಟ್ಟಿದಾಗ ಇಳಿಬಿಸಿಲು. ಲಾರಿ ಆಗಲೇ ಅಂಗಳದಲ್ಲಿ ಸಾಮಾನಿಳಿಸಿ ಹೋಗಿತ್ತು. ಬ್ರೇಕಮ್ಮ ಬೀಗ ತೆಗೆಯಲಿಲ್ಲ, ನೀರು ಕುಡಿಯಲಿಲ್ಲ, ಗೇಟಿನ ಬಳಿ ನಿಂತೇ ಇದ್ದಳು. ಫೋನ್ ಮಾಡೋಣವೆಂದರೆ ಓಡಿಸುತ್ತಿರುವವರು ಗಾಬರಿಯಾದರೆ? ಬೀದಿಯಲ್ಲಿ ಬಿಳಿಯದು ಏನು ಕಂಡರೂ ಕತ್ತು ಚಾಚಿ ನೋಡುತ್ತಿದ್ದಳು. ಹಟಕ್ಕೆ ಬಿದ್ದು ಗಂಡನನ್ನೇ ಪಣಕ್ಕಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅತ್ತೆ ಸೊಸೆಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದ ಮನೆಯಾಕೆ ಗಿಡಕ್ಕೆ ನೀರು ಬಿಡುತ್ತ ಹೊಸಬರನ್ನು ಕಣ್ಣಲ್ಲೇ ಅಳೆಯುತ್ತಿದ್ದಳು.

ಕೊನೆಗೂ ಬಿಳಿ ಕಾರು ಬೀದಿಗೆ ತಿರುಗಿತು. ಗೇರ್ ಇಳಿಯಿತು, ನಿಧಾನವಾಯಿತು, ಗೋಡೆಗೆ ಒತ್ತಿಕೊಂಡು ಸರಿಯಾಗಿ ನಿಂತಿತು. ಯಜಮಾನರು ಇಳಿದರು. ಅಂಗಿ ಬೆನ್ನಿಗಂಟಿತ್ತು.

ಪಕ್ಕದ ಮನೆಯಾಕೆ ಬೋರ್ಡು ನೋಡಿ ನಗು ತಡೆಯಲಾರದೆ ಕೇಳಿಯೇಬಿಟ್ಟಳು, "ಈಗ ಕಲೀತಿದ್ದೀರಾ ಸರ್?"

ಹೊಸ ಊರು, ಮೊದಲ ದಿನ, ಮೊದಲ ಮಾತು. ಇದು ನನ್ನದಲ್ಲ, ಸುಮ್ಮನೆ ತಂದುಬಿಟ್ಟೆ ಎಂದು ಹೇಳಿ ಯಜಮಾನರು ಜಾರಿಕೊಳ್ಳಬಹುದಿತ್ತು.

"ಹೌದಮ್ಮ" ಎಂದರು ಅವರು. "ಇಪ್ಪತ್ತು ವರ್ಷದಿಂದ ಕಲೀತಿದ್ದೆ, ಇವತ್ತು ಬಂತು. ನಮ್ಮ ಮೇಡಂ ಇವರೇ. ನನ್ನಂಥವನಿಗೇ ಕಲಿಸಿದಾರೆ ಅಂದ್ರೆ ನೋಡಿ. ನಿಮಗೇನಾದ್ರೂ ಕಲೀಬೇಕು ಅಂತಿದ್ರೆ ಈಗಲೇ ಹೇಳಿಬಿಡಿ."

ಆಕೆ ಪೈಪನ್ನು ಕೆಳಗೆ ಹಾಕಿದಳು. "ನನಗೂ ಬರುತ್ತಾ ಮೇಡಂ?"

ಬ್ರೇಕಮ್ಮ ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ಯಜಮಾನರು ಬಿಳಿ ಕಾರಿನ ಕೀಲಿಯನ್ನು ಅವಳ ಕೈಯಲ್ಲಿಟ್ಟು, "ಹೇಳೇ, ಕೇಳ್ತಿದಾರೆ" ಎಂದರು.

"ನಾಳೆ ಬೆಳಿಗ್ಗೆ ಬನ್ನಿ" ಎಂದಳು ಬ್ರೇಕಮ್ಮ. "ನಾನು ಬೈತೀನಿ, ಬೇಜಾರ್ ಮಾಡ್ಕೋಬೇಡಿ."