ಶಂಕ್ರೆವ್ವನ ಅಳು ನಾಕು ತಾಲೂಕ ತಿರುಗಿದ್ದು

ಸೂಲಗಿತ್ತಿ ಶಂಕ್ರೆವ್ವನ ಸಿಟ್ಟು ಏಳು ವರ್ಷ ಬಾಳಿತು. ಅಷ್ಟು ದಿನ ಈ ಸೀಮ್ಯಾಗ ಗಂಡ-ಹೆಂಡ್ತಿ ಪ್ರೀತಿನ ಬಾಳಂಗಿಲ್ಲ, ಆಕಿ ಸಿಟ್ಟು ಬಾಳಿತು ನೋಡ್ರಿ. "ಮರೀಬೇ ಯಕ್ಕಾ, ಹೋದಾಕಿ ಹೋದ್ಲು" ಅಂತ ಬುದ್ಧಿ ಹೇಳಾಕ ಬಂದವರಿಗಿ ಆಕಿದು ಒಂದ ಮಾತು: "ಹೋದಾಕಿ ನಿಮ್ಮ ಮಗಳಲ್ಲಲ್ಲ, ನೀವು ಮರೀರಿ."

ಬಾಗೇವಾಡಿಯಿಂದ ಮುಳವಾಡದ ಹಾದಿ ಹಿಡದ್ರ ನಡಬರಕ ಬರೂ ಸಣ್ಣ ಊರು ಆಕಿದು. ಚಿಕ್ಕ ವಯಸ್ಸಿಗೇ ಗಂಡ ತೀರಿದ. ಅತ್ತಿ ಕೈ ಹಿಡದು ಸೂಲಗಿತ್ತಿ ಕೆಲಸ ಕಲಿಸಿದ್ಲು. ಮೂವತ್ತು ವರ್ಷದಾಗ ಊರಾಗ ಹುಟ್ಟಿದ ಕೂಸುಗೋಳೆಲ್ಲಾ ಮೊದಲು ಬಿದ್ದದ್ದು ಶಂಕ್ರೆವ್ವನ ಅಂಗೈಯಾಗ. ಗೌಡರ ಮಗ ಇರಲಿ, ತಳವಾರನ ಮಗ ಇರಲಿ, ಕುಂಡಿಗಿ ಒಂದು ಏಟು ಹೊಡದ ಈ ಲೋಕಕ್ಕ ಕರಕೊಂಡಾಕಿ ಆಕಿನ.

ಎಪ್ಪತ್ತೊಂದರ ಬ್ಯಾಸಗ್ಯಾಗ ಆಕಿ ಇದ್ದೊಬ್ಬ ಮಗಳು ರೇಣವ್ವ ಚೊಚ್ಚಲ ಹೆರಗಿಗಿ ತವರಿಗಿ ಬಂದ್ಲು. ಬ್ಯಾನಿ ಸುರುವಾದ ಕೂಡಲೇ ಶಂಕ್ರೆವ್ವ ಹೊಟ್ಟಿ ಮ್ಯಾಲೆ ಕೈ ಆಡಿಸಿದ್ಲು. ಕೂಸು ಅಡ್ಡ ಮಲಗಿತ್ತು. ಅಡ್ಡ ಕೂಸಿಗಿ ಒಳಗ ಕೈ ಹಾಕಬಾರದು ಅಂತ ಅತ್ತಿ ಆಣಿ ಹಾಕಿ ಕಲಿಸಿದ್ಲು. ಆಕಿ ಹಾಕಲೂ ಇಲ್ಲ. ಚಕ್ಕಡಿ ಹೂಡಿಸಿ, ಹುಲ್ಲು ಹಾಸಿ, ಮಗಳನ್ನ ಮಲಗಿಸಿಕೊಂಡು ಒಂದು ಹರದಾರಿ ಆಚೆ ಇದ್ದ ಸರಕಾರಿ ದವಾಖಾನಿಗಿ ಹೊಡಿಸಿದ್ಲು.

ಮುಟ್ಟಿದಾಗ ನಡುಮಧ್ಯಾಹ್ನ. ಡಾಕ್ಟರ್ ಬಸಂತರಾಯ ಉಂಡು ಕ್ವಾಟರ್ಸಿನ್ಯಾಗ ಮಲಗಿದ್ದ. ಕಂಪೌಂಡರ್ ಕೈ ಜೋಡಿಸಿದ: "ಎಬ್ಬಿಸಿದ್ರ ನನ್ನ ನೌಕರಿ ಹೋಗ್ತದಬೇ ಯವ್ವಾ, ಈಗ ಏಳ್ತಾರ, ತಡಿ." ತಡದ್ಲು. ಬಾಗಲ ಬಡದ್ಲು, ಮತ್ತ ತಡದ್ಲು. ರೇಣವ್ವ ಪಡಸಾಲಿ ಕಲ್ಲಿನ ಮ್ಯಾಲೆ ಎರಡು ತಾಸು ಒದ್ದಾಡಿದ್ಲು. ಡಾಕ್ಟರ್ ಮಾರಿ ಒರಸಿಕೋತ ಬರೂದ್ರಾಗ ತಾಯಿನೂ ಇಲ್ಲ, ಕೂಸೂ ಇಲ್ಲ.

ಆಗ ಅಂವ ಏನಂದ ಗೊತ್ತೇನ್ರಿ? ನೆರೆದ ಮಂದಿ ಮುಂದ ಶಂಕ್ರೆವ್ವನ ಕಡೆ ಬಟ್ಟು ಮಾಡಿ, "ಈ ಮುದುಕಿ ಹೊಲಸು ಕೈ ಹಾಕಿ ಕೆಡಿಸಿ ತಂದಾಳ. ಇನ್ನ ನಾ ಏನ ಮಾಡ್ಲಿ?" ಅಂದ. ಅಂದದ್ದನ್ನ ದೊಡ್ಡ ಪುಸ್ತಕದಾಗ ಬರದೂ ಬಿಟ್ಟ. ಎಂಥಾ ನಾಲಗಿ ಅದು! ಹುಳ ಬೀಳಲಿಲ್ಲಲ್ಲ ಅದಕ್ಕ!

ಇಂಗ್ಲೀಷ ಬಲ್ಲವಗ ಸುಳ್ಳು ಬರಂಗಿಲ್ಲ ಅಂತ ನಮ್ಮ ಮಂದಿ ತಿಳದಾರ. ಊರು ನಂಬಿತು. "ಮಗಳನ್ನ ಕೊಂದಾಕಿ, ನಮ್ಮ ಸೊಸಿನ್ನ ಉಳಿಸ್ತಾಳೇನು?" ಅಂತ ಬಸುರೇರನ್ನ ಆಕಿ ಬಾಗಲ ದಾಟಿಸಿ ಬ್ಯಾರೆ ಊರಿನ ಸೂಲಗಿತ್ತಿ ಕಡೆ ಒಯ್ದ್ರು. ಸತ್ತ ಮನಿಗಿ ಕೂಡಿ ಅಳಾಕ ಬರೂದು ನಮ್ಮ ಕಡೆ ರೂಢಿ. ಶಂಕ್ರೆವ್ವನ ಮನಿಗಿ ಯಾರೂ ಬರಲಿಲ್ಲ. ನೆರಮನಿ ಪೀರಬಿ ಒಬ್ಬಾಕಿ ಬಂದು ಗ್ವಾಡಿಗಿ ಆತು ಕುಂತು ಹೋದ್ಲು. ಶಂಕ್ರೆವ್ವಗ ಅಳುನೂ ಬರಲಿಲ್ಲ. ಬಾವಿ ಬತ್ತಿದಂಗ ಬತ್ತಿ ಹೋಗಿತ್ತು. ಕುಂತಲ್ಲೇ ತನ್ನ ಕೈ ನೋಡಿಕೋತಿದ್ಲು. ಖರೇನ ನನ್ನ ಕೈ ಏನರೆ ತಪ್ಪು ಮಾಡಿತೇನು ಅನ್ನೂ ಹುಳ ಆಕಿನ್ನೂ ಕಡೀತಿತ್ತು. ಅದಕ್ಕ ಡಾಕ್ಟರನ ಮ್ಯಾಲಿನ ಸಿಟ್ಟೂ ಅರ್ಧಾ ಬೆಂದ ರೊಟ್ಟಿಯಂಗ ಉಳೀತು.

ಎಪ್ಪತ್ತನಾಕರಾಗ ಸರಕಾರದವರು ಹಳ್ಳಿ ಸೂಲಗಿತ್ತೇರಿಗಿ ಒಂದು ತಿಂಗಳ ತರಬೇತಿ ತಗದ್ರು. ಅದೂ ಎಲ್ಲಿ? ಅದ ದವಾಖಾನ್ಯಾಗ! ಕಲಿಸಾಂವ ಅದ ಬಸಂತರಾಯ! "ಹೋಗಬ್ಯಾಡಬೇ, ಆ ಕಲ್ಲು ತುಳೀಬ್ಯಾಡ" ಅಂದ್ಲು ಪೀರಬಿ. ಶಂಕ್ರೆವ್ವ ಹೋದ್ಲು. ತನ್ನ ಕೈ ತಪ್ಪೋ, ಅವನ ನಿದ್ದಿ ತಪ್ಪೋ, ಇತ್ಯರ್ಥ ಆಗಬೇಕಾಗಿತ್ತು ಆಕಿಗಿ.

ಡಾಕ್ಟರಗ ಆಕಿ ಗುರುತು ಹತ್ತಲಿಲ್ಲ. ಮೂರು ವರ್ಷದಾಗ ಸತ್ತವರ ತಾಯಂದ್ರನ್ನೆಲ್ಲಾ ನೆನಪಿಡಾಕ ಅವನಿಗೇನು ಬ್ಯಾರೆ ಕೆಲಸ ಇರಲಿಲ್ಲೇನು! ಹದಿನೆಂಟು ಮಂದಿ ಸೂಲಗಿತ್ತೇರನ್ನ ಸಾಲಾಗಿ ಕುಂಡ್ರಿಸಿ, ಗ್ವಾಡಿಗಿ ಚಿತ್ರ ತೂಗಹಾಕಿ ಪಾಠ ಹೇಳಿದ. ಹನ್ನೊಂದನೇ ದಿನ ಅಡ್ಡ ಕೂಸಿನ ಚಿತ್ರ ಬಂತು. "ಇದನ್ನ ನೀವು ಮುಟ್ಟಬ್ಯಾಡ್ರಿ. ಕೂಡಲೇ ನಮ್ಮ ಕಡೆ ತರ್ರಿ. ಕೂಡಲೇ ತಂದ್ರ ತಾಯಿನ್ನ ಉಳಿಸಾಕ ಬರ್ತದ" ಅಂದ.

ಶಂಕ್ರೆವ್ವ ಎದ್ದು ನಿಂತ್ಲು. "ಕೂಡಲೇ ಅಂದ್ರ ಎಷ್ಟು ಹೊತ್ತಿನ್ಯಾಗ್ರಿ?"

"ಒಂದು ತಾಸಿನ್ಯಾಗ ಕೈಗಿ ಸಿಕ್ರ ಜಿಲ್ಲಾ ದವಾಖಾನಿಗಿ ಜೀಪಿನ್ಯಾಗರೆ ಕಳಸಬಹುದು. ಕುಂಡ್ರು."

ಕುಂತ್ಲು. ಮೂರು ವರ್ಷ ತಲ್ಯಾಗ ಕೊರೀತಿದ್ದ ಹುಳ ಅವತ್ತ ಸತ್ತಿತು. ಆಕಿ ಕೈ ಮಾಡಿದ್ದೆಲ್ಲಾ ಸರಿ ಇತ್ತು. ಮಗಳು ಸತ್ತ ದಿನ ಜೀಪು ದವಾಖಾನಿ ಮುಂದ ನಿಂತಿತ್ತು. ಅಂವ ಮಲಗಿದ್ದ. ಇನ್ನ ಆಕಿಗಿ ಬೇಕಾದದ್ದು ಒಂದ: ಮಂದಿ ಮುಂದ ಅಂದವ ಮಂದಿ ಮುಂದ ನುಂಗಬೇಕು. ತನ್ನ ಬಾಯಿಲೇ "ನಾ ಮಲಗಿದ್ದೆ" ಅನಬೇಕು. ಅಲ್ಲೀತನಕ ಬಿಡಂಗಿಲ್ಲ ಅಂತ ಮನಸಿನ್ಯಾಗ ಬಸವಣ್ಣಗ ಬೇಡಿಕೊಂಡ್ಲು. ತರಬೇತಿ ಮುಗದಾಗ ಒಂದು ಸೀರಿ, ಮತ್ತ ಕತ್ತರಿ, ದಾರ, ಸಾಬಾನ ಇದ್ದ ತಗಡಿನ ಪೆಟ್ಟಿಗಿ ಕೊಟ್ರು. ಪೆಟ್ಟಿಗಿ ಮ್ಯಾಲೆ ಸರಕಾರದ ಗುರುತು.

ಎರಡು ವರ್ಷ ಬಿಟ್ಟು, ಎಪ್ಪತ್ತಾರರ ಚಳ್ಯಾಗ ಅಬಿದಾ ಅನ್ನೂ ಓದಿದ ಹುಡುಗಿ ಊರಿಗಿ ಬಂದ್ಲು. ವಿಜಾಪುರದಾಕಿ, ಧಾರವಾಡದಾಗ ಕಲಿಯಾಕತ್ತಿದ್ಲು. ದವಾಖಾನ್ಯಾಗ ಮಂದಿಗಿ ಏನು ಅನುಭವ ಆಗೇತಿ ಅಂತ ಮನಿಮನಿಗಿ ಕೇಳಿ ಬರಕೊಳ್ಳೂದು ಆಕಿ ಕೆಲಸ. ನಿಮ್ಮನ್ನ ಎಷ್ಟು ಹೊತ್ತು ಕಾಯಿಸಿದ್ರು? ಹೆಂಗ ಮಾತಾಡಿಸಿದ್ರು? ಮನಸ್ಸಿಗಿ ಸಮಾಧಾನ ಆತೇನು? ಇಂಥಾವು ನಲವತ್ತು ಪ್ರಶ್ನೆ. ಇದನ್ನ ಕೇಳಿ ಶಂಕ್ರೆವ್ವಗ ಹಸದವರ ಮುಂದ ಹೋಳಗಿ ಇಟ್ಟಂಗಾತು. "ನಾ ತೋರಸ್ತೇನಿ ಬಾ ನನ್ನವ್ವಾ, ಯಾರ ಮನ್ಯಾಗ ಏನಾಗೇತಿ ನನಗ ಗೊತ್ತೈತಿ" ಅಂತ ತರಬೇತಿ ಸೀರಿ ಉಟಗೊಂಡು, ತಗಡಿನ ಪೆಟ್ಟಿಗಿ ಬಗಲಾಗ ಇಟ್ಕೊಂಡು ಮುಂದ ನಡದ್ಲು.

ಐದು ದಿನ, ಅರವತ್ತು ಮನಿ. ಸೂಜಿ ಹುಣ್ಣಾಗಿ ಮಗನ ಕಾಲು ಹೋದ ಮನಿ. ಕಾಲರಾದಾಗ ದವಾಖಾನಿಯವರು ಗೇಟು ಹಾಕಿ ಹೊರಗ ನಿಂದ್ರಿಸಿದ ಮನಿ. ಎಲ್ಲಾರೂ ಏನಂದ್ರು? "ಚಲೋ ಐತ್ರಿ. ಭಾಳ ಚಲೋ ನೋಡ್ತಾರ್ರಿ. ಡಾಕ್ಟರು ದೇವರಂಥವರು." ಶಂಕ್ರೆವ್ವ ಕಣ್ಣು ಕೆಂಪಗ ಮಾಡಿದ್ರ ಇನ್ನೂ ಎರಡು ಸಲ ದೇವರು ಅಂದ್ರು.

ಆರನೇ ದಿನ ಅಬಿದಾ ನಕ್ಕೋತ ಹೇಳಿದ್ಲು, "ಅಜ್ಜೀ, ಜಿಲ್ಲಾದಾಗ ಇಷ್ಟು ಒಳ್ಳೆ ದವಾಖಾನಿ ನಾ ನೋಡಿಲ್ಲ."

ಶಂಕ್ರೆವ್ವ ಮನಿಗಿ ಬಂದು ಪೆಟ್ಟಿಗಿ ಒಗದ್ಲು. "ಎಲ್ಲಾ ಸುಳ್ಳುಬುರುಕರು! ನಾಯಿ ಜಾತಿ!"

ಪೀರಬಿ ಜೋಳಾ ಕೇರಾಕತ್ತಿದ್ಲು. ಮೊರ ಕೆಳಗಿಟ್ಲು. "ಅವರು ಸುಳ್ಳರಲ್ಲ, ನೀ ಹುಚ್ಚಿ. ಮಕ್ಕಳಾಗಬಾರದಂತ ಆಪರೇಶನ್ ಮಾಡಾಕ ಸರಕಾರ ಗಂಡಸರ ಹೆಸರು ಪಟ್ಟಿ ಮಾಡೂ ವರ್ಷ ಇದು. ಸರಕಾರದ ಪೆಟ್ಟಿಗಿ ಹಿಡಕೊಂಡು, ಸರಕಾರದ ಸೀರಿ ಉಟಗೊಂಡು, ಹಿಂದ ಕಾಗದ ಬರಿಯಾಕಿನ್ನ ಕಟಗೊಂಡು ಬಾಗಲಿಗಿ ಬಂದ್ರ, ನೀ ಯಾರ ಕಡಿಯಾಕಿ ಅಂತ ತಿಳೀಬೇಕು ಮಂದಿ? ಡಾಕ್ಟರನ ಕಡಿಯಾಕಿ ಅಂದ್ರು. ನನಗ ಕೇಳಿದ್ರೂ ನಾನೂ ದೇವರು ಅಂತಿದ್ದೆ."

ಶಂಕ್ರೆವ್ವ ಒಗದ ಪೆಟ್ಟಿಗಿ ಎತ್ತಿ ಮ್ಯಾಲಿನ ಗುರುತು ನೋಡಿದ್ಲು. ತನ್ನ ವೈರಿಗಿ ತಾನ ಹಾರ ಹಾಕಿಸಿಕೊಟ್ಟಿದ್ಲು. ಆ ರಾಂಡೇಗಂಡನ ಹೆಸರಿಗಿ ಅರವತ್ತು ಮನಿ ಸಾಕ್ಷಿ!

ಮರುದಿನ ಅಬಿದಾ ಗಂಟು ಕಟ್ಟೂ ಹೊತ್ತಿಗಿ ಊರಾಗ ಒಬ್ಬಾಕಿ ಮುದುಕಿ ತೀರಿದ್ಲು. ಅಬಿದಾ ಕೂಡ ಹೋಗಿ ಮೂಲ್ಯಾಗ ಕುಂತ್ಲು. ಹೆಂಗಸರು ಸುತ್ತ ಕುಂತು ಹಾಡ್ಯಾಡಿ ಅಳಾಕತ್ರು. ನಮ್ಮ ಕಡೆ ಅಳೋ ಹೆಣ್ಣಿನ ಬಾಯಿಗಿ ಯಾರೂ ಕೈ ಅಡ್ಡ ಹಿಡಿಯಂಗಿಲ್ಲ, ಅದು ಪಾಪ. ಮಾವನ ಮುಂದ ಒಂದು ದಿನ ಸೊಲ್ಲು ಎತ್ತದ ಸೊಸಿ ಸುದ್ದ ಹೆಣದ ಮುಂದ ಬೇಕಾದ್ದು ಹಾಡಿಕೋಬಹುದು. ಹಾಡಿದ್ರು. ಮುದುಕಿನ್ನ ಮೂರು ಸಲ ಹೊಳ್ಳಿ ಕಳಿಸಿದ ದವಾಖಾನಿನ್ನ ಹಾಡಿದ್ರು. ಸೂಜಿ ಹುಣ್ಣಾದ ಕಾಲನ್ನ, ಗೇಟು ಹಾಕಿದ ದಿನಾನ್ನ ಹಾಡಿದ್ರು. ಡಾಕ್ಟರು ದೇವರು ಅಂದ ಅವ ಬಾಯಿಗೋಳು!

ಅಬಿದಾ ಪುಸ್ತಕ ತಗದು ಅಳಕೋತ ಬರಕೊಂಡ್ಲು. ಎರಡು ತಿಂಗಳಿಗಿ ಆಕಿ ಕಾಗದ ಬಂತು, ಸಾಲಿ ಮಾಸ್ತರ ಓದಿ ಹೇಳಿದ. ಮ್ಯಾಲಿನವರು ಪ್ರಶ್ನೆಗಿ ಕೊಟ್ಟ ಉತ್ತರ ಅಷ್ಟ ಇಟಗೊಂಡ್ರಂತ. "ಅಳು ಲೆಕ್ಕಕ್ಕ ಬರಂಗಿಲ್ಲ" ಅಂದ್ರಂತ.

"ಹೌದಾ?" ಅಂದ್ಲು ಶಂಕ್ರೆವ್ವ. "ಹಂಗಾರ ಬರೂಹಂಗ ಅಳ್ತೇನಿ."

ಮುಂದಿನ ಸಂತಿ ದಿನ ಆಕಿ ದವಾಖಾನಿ ಮೆಟ್ಟಲ ಮ್ಯಾಲೆ ಕಾಲು ಚಾಚಿ ಕುಂತು, ಮಗಳು ಸತ್ತು ಐದು ವರ್ಷಕ್ಕ ಮೊದಲ ಸಲ ಅತ್ಲು. ಬತ್ತಿದ ಬಾವಿ ಎಲ್ಲಿಂದ ಒಡೀತೋ! "ಏಳ ನನ್ನ ರೇಣವ್ವಾ, ಬಿಸಲ ಇಳದೈತಿ, ಡಾಕ್ಟರ ನಿದ್ದಿ ಇನ್ನೂ ಮುಗದಿಲ್ಲ ನನ್ನವ್ವಾ..." ಸಂತಿ ಮಂದಿ ಕೈಚೀಲ ಹಿಡಕೊಂಡು ನಿಂತ್ರು. ಡಾಕ್ಟರ್ ಪೊಲೀಸನ್ನ ಕರಿಸಿದ. ಪೊಲೀಸ ಟೊಪಗಿ ತಗದು, "ಸಾಹೇಬ್ರ, ಕದ್ದಾಕಿನ್ನ ಹಿಡೀತೇನಿ, ಅಳಾಕಿನ್ನ ಹೆಂಗ ಹಿಡೀಲ್ರಿ?" ಅಂದ. ಪ್ರತಿ ಸಂತಿಗೂ ಆಕಿ ಬಂದ್ಲು. ಆರು ತಿಂಗಳದಾಗ ಬಸಂತರಾಯ ಯಾರ್ಯಾರದೋ ಕಾಲು ಹಿಡದು ಮುದ್ದೇಬಿಹಾಳ ಕಡೆ ಬದಲಿ ಮಾಡಿಸಿಕೊಂಡ.

ಶಂಕ್ರೆವ್ವ ಬುತ್ತಿ ಕಟಗೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದ್ಲು. ಪೀರಬಿನೂ ಹತ್ತಿದ್ಲು, ಆಕಿ ಮೊಮ್ಮಗ ಸತ್ತದ್ದೂ ಅದ ಡಾಕ್ಟರನ ಕೈಯಾಗ. ಅಲ್ಲೂ ಅತ್ರು. ಆ ಊರ ಹೆಂಗಸರು ಮೊದಲು ನೋಡಿದ್ರು, ಆಮ್ಯಾಲೆ ತಮ್ಮ ತಮ್ಮ ಸತ್ತವರನ್ನ ನೆನಸಿ ದನಿ ಕೂಡಿಸಿದ್ರು. ಅಂವ ಸಿಂದಗಿ ಕಡೆ ಓಡಿದ. ಇವರೂ ಸಿಂದಗಿಗಿ ಹೋದ್ರು. ಅಂವ ಇಂಡಿ ಕಡೆ ಓಡಿದ. "ಭೂಮಿ ದುಂಡಗೈತಂತ, ಓಡ್ಲಿ" ಅಂದ್ಲು ಶಂಕ್ರೆವ್ವ. ನೋಡಿದವರು ಕರುಣಾ ತೋರಿಸಿದ್ರ ಆಕಿಗಿ ಸಿಟ್ಟು ಬರ್ತಿತ್ತು. ಆಕಿಗಿ ಕರುಣಾ ಬೇಕಾಗಿರಲಿಲ್ಲ. ಅಂವಗ ಊಟ ರುಚಿ ಹತ್ತಬಾರದು, ನಿದ್ದಿ ಬರಬಾರದು, ಅಷ್ಟ.

ಎಪ್ಪತ್ತೆಂಟು, ಇಂಡಿ ಕಡೆ ಒಂದು ಹಳ್ಳಿ ದವಾಖಾನಿ. ಮುಂಜಾನಿ, ಅಂಗಳದ ತುಂಬ ಮಂದಿ. ಶಂಕ್ರೆವ್ವ ಕುಂತು ದನಿ ತಗದ್ಲು. ನಾಕು ಸಾಲು ಹಾಡಿರಬೇಕು, ಕ್ವಾಟರ್ಸಿನ ಕಿಡಕ್ಯಾಗ ಒಂದು ಹುಡುಗಿ ಕಂಡ್ಲು. ಡಾಕ್ಟರನ ಮಗಳು. ತುಂಬು ಬಸುರಿ, ಚೊಚ್ಚಲಕ್ಕ ತವರಿಗಿ ಬಂದಾಕಿ. ಹೊಟ್ಟಿ ಮ್ಯಾಲೆ ಕೈ ಇಟಗೊಂಡು ಅಳು ಕೇಳಾಕತ್ತಿದ್ಲು.

ಶಂಕ್ರೆವ್ವನ ಹಾಡು ತಾನ ನಿಂತಿತು. ಬಸುರಿ ಕಿವಿಗಿ ಹೆಣದ ಹಾಡು ಬೀಳಬಾರದು. ಸೂಲಗಿತ್ತಿ ನಾಲಗಿ ಅದು, ಆಕಿ ಹೇಳಿದಂಗ ಕೇಳಲಿಲ್ಲ.

ಪೀರಬಿ ತಿವಿದ್ಲು: "ಅಳು! ಈಗ ಸಿಕ್ಕಾನ, ಅಳು!"

"ಆಕಿ ನನಗೇನು ಮಾಡ್ಯಾಳ?" ಅಂತ ಶಂಕ್ರೆವ್ವ ಹಲ್ಲು ಕಚ್ಚಿದ್ಲು. ತನ್ನ ಮ್ಯಾಲೇ ತನಗ ಸಿಟ್ಟು ಬಂತು.

ಅಳು ಪಟ್ಟನ ನಿಂತದ್ದು ಒಳಗಿದ್ದ ಬಸಂತರಾಯಗ ಕೇಳಿಸ್ತು. ಎರಡು ವರ್ಷದಾಗ ಆ ಅಳು ನಡಕ ನಿಂತದ್ದಿಲ್ಲ. ಹೊರಗ ಬಂದ. ಮುದುಕಿ ಕಣ್ಣು ಕಿಡಕಿ ಕಡೆ ಇದ್ದದ್ದು ನೋಡಿದ. ಇನ್ನ ಶಾಪ ಹಾಕ್ತಾಳ ಅಂತ ತಿಳಕೊಂಡ. "ಬ್ಯಾಡವಾ! ನಿನ್ನ ಕಾಲು ಹಿಡೀತೇನಿ, ಆಕಿಗಿ ಏನೂ ಅನಬ್ಯಾಡ. ಏನು ಬೇಕು ನಿನಗ?"

ನಾ ಶಾಪ ಹಾಕಾಕಿ ಅಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅಂಜಿಕೊಳ್ಳಲಿ ಮಗ ಅಂತ ಬಿಟ್ಲು.

"ಮಂದಿ ಮುಂದ ಹೇಳು. ಖರೇ ಹೇಳು."

ಡಾಕ್ಟರ್ ಎರಡು ಸಲ ಉಗುಳು ನುಂಗಿದ. "ಈಕಿ ಕೈ ಹಾಕಿರಲಿಲ್ಲ. ಸರಿಯಾದ ಹೊತ್ತಿಗೇ ತಂದಿದ್ಲು. ಜೀಪಿತ್ತು. ನಾ... ನಾ ಮಲಗಿದ್ದೆ."

"ಎಷ್ಟು ಹೊತ್ತು?"

"ಎರಡು ತಾಸು."

"ಹಂಗಾರ ಎರಡು ತಾಸು ಇಲ್ಲೇ ನಿಂದ್ರು. ಕುಂಡ್ರಂಗಿಲ್ಲ, ನೀರು ಕುಡಿಯಂಗಿಲ್ಲ."

ನಿಂತ. ಬಿಸಲು ಏರಿತು. ಮಂದಿ ಮನಿಗಿ ಹೋಗಲಿಲ್ಲ, ಕಂಪೌಂಡರ್ ಬಾಗಲ ದಾಟಲಿಲ್ಲ. ಅಂಗಿ ಬೆನ್ನಿಗಿ ಅಂಟಿತು. ಹೆಂಡ್ತಿ ನೀರಿನ ತಂಬಿಗಿ ತಂದಾಕಿ ಪೀರಬಿ ಮಾರಿ ನೋಡಿ ಹೊಳ್ಳಿ ಹೋದ್ಲು. ಶಂಕ್ರೆವ್ವ ಎದುರು ಕುಂತು ಅವನ್ನ ನೋಡಿದ್ಲು. ಕಣ್ಣಾಗ ಒಂದು ಹನಿ ಇರಲಿಲ್ಲ.

ಗ್ವಾಡಿ ಗಡಿಯಾರ ನೋಡಿ ಕಂಪೌಂಡರ್ "ಆತು" ಅಂದ. ಬಸಂತರಾಯ ಕಂಬ ಹಿಡದು ಕುಸದು ಕುಂತ. "ಇನ್ನರೆ ಸಮಾಧಾನ ಆತೇನವಾ?" ಅಂತ ಕೇಳಿದ.

ಶಂಕ್ರೆವ್ವ ಎದ್ದು ಸೆರಗು ಝಾಡಿಸಿದ್ಲು.

"ನೀ ಬರೇ ನಿಂತಿದ್ದಿ," ಅಂದ್ಲು. "ನನ್ನ ಮಗಳು ಹಡ್ಯಾಕತ್ತಿದ್ಲು."