ಹಿರುತ್ ಕಟ್ಟಿದ ಧಾಟಿ

ದೇವದಾಸ ಹೊಗಳಿಕೆಗೆ ಹಸಿದ ಮನುಷ್ಯ. ಚಪ್ಪಾಳೆಗಾಗಿ ಏನು ಬೇಕಾದರೂ ಬಿಟ್ಟುಕೊಡುತ್ತಾನೆ, ಮಾನವನ್ನೂ. ಇದನ್ನು ಅವನ ಎದುರಿಗೇ ಹೇಳಿದ್ದೇನೆ. "ಹೌದು ಮೇಡಂ, ಹುಟ್ಟುಗುಣ, ಏನ್ ಮಾಡೋದು" ಎಂದು ನಕ್ಕ. ಆ ಮಾತಿಗೂ ಯಾರಾದರೂ ನಗಲಿ ಎಂದು ಅತ್ತಿತ್ತ ನೋಡಿದ.

ಮೈಸೂರಿನವನು. ಸಂಗೀತವನ್ನು ಸೀನಿಯರ್ ಪರೀಕ್ಷೆಯವರೆಗೆ ಕಲಿತಿದ್ದಾನೆ. ಈಗ ನಮ್ಮೆಲ್ಲರ ಹಾಗೆ ಈ ಪರದೇಶದಲ್ಲಿದ್ದಾನೆ; ಸೈಬರ್‌ಜಯಾ ಎಂಬ ಊರಿನ ಡೇಟಾ ಸೆಂಟರೊಂದರಲ್ಲಿ ಯಂತ್ರಗಳು ಬಿಸಿಯಾಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಅದು ಸರಿಯಾಗಿ ನಡೆದಷ್ಟು ದಿನ ಯಾರೂ ಅವನ ಹೆಸರೆತ್ತುವುದಿಲ್ಲ. ಹೆಂಡತಿ ಅನಿತಾ ಮತ್ತು ಮಗಳು ವಿಸ್ಮಯಾ ಜೊತೆ ಪುಚೊಂಗಿನಲ್ಲಿ ವಾಸ. ಇಲ್ಲಿನ ಕನ್ನಡ ಸಂಘದಲ್ಲಿ ಗಣೇಶನ ಹಬ್ಬವಾಗಲಿ, ಯಾರದೋ ಸೀಮಂತವಾಗಲಿ, ದೇವದಾಸ ಹಾಡದೆ ಊಟಕ್ಕೆ ಎಲೆ ಹಾಕುವುದಿಲ್ಲ. ಸಂಘದ ಸಾಂಸ್ಕೃತಿಕ ಸಮಿತಿಯನ್ನು ನನ್ನ ಕೊರಳಿಗೆ ಕಟ್ಟಿರುವುದರಿಂದ ಅವನ್ನೆಲ್ಲ ನಾನು ಕೂತು ಕೇಳಿದ್ದೇನೆ. ಶ್ರುತಿ ಶುದ್ಧ. ಸ್ವಂತದ್ದು ಏನೂ ಇಲ್ಲ.

ಒಮ್ಮೆ ಸಹೋದ್ಯೋಗಿಗಳ ಜೊತೆ ಬಾಂಗ್ಸಾರಿನಲ್ಲಿ ಮದ್ಯವೂ ಸಿಗುವ ಕೆಫೆಯೊಂದಕ್ಕೆ ಹೋಗಿದ್ದಾಗ ಅಲ್ಲಿ ಹಿರುತ್ ಹಾಡುತ್ತಿದ್ದಳು. ಇಥಿಯೋಪಿಯಾದಿಂದ ಓದಲು ಬಂದು, ಓದು ಮುಗಿದ ಮೇಲೆ ಇಲ್ಲೇ ಉಳಿದವಳು. ಹಿಂದೆ ಸ್ಯಾಕ್ಸೊಫೋನು, ಕೀಬೋರ್ಡು, ಡ್ರಮ್ಮುಗಳ ಜಾಝ್ ಮೇಳ. ಹಾಡು ಮಾತ್ರ ಅವಳ ಅಮ್ಹಾರಿಕ್ ಭಾಷೆಯದು. ದೇವದಾಸ ಊಟದ ತಟ್ಟೆ ಬಿಟ್ಟು ಎದ್ದು ಹೋಗಿ, "ಇದು ನಮ್ಮ ಕರ್ನಾಟಕ ಶುದ್ಧ ಸಾವೇರಿ ರಾಗ!" ಎಂದನಂತೆ. ಐದೂ ಸ್ವರಗಳು ಅವೇ ಎನ್ನುವುದು ನಿಜ.

"ಇದರ ಹೆಸರು ಅಂಬಾಸೆಲ್. ನಮ್ಮ ವೊಲ್ಲೊ ಸೀಮೆಯದು," ಎಂದಳಂತೆ ಅವಳು. "ನಿಮ್ಮವರು ಯಾವಾಗ ಬಂದು ತಗೊಂಡು ಹೋದರು?"

ಹೀಗೆ ಶುರುವಾದ ಸ್ನೇಹ. ಶನಿವಾರಗಳಂದು ಅವನೂ ಆ ಮೇಳದಲ್ಲಿ ನಿಂತು, ಅವಳ ಪಲ್ಲವಿಗೆ ದನಿಗೂಡಿಸಿ, ನಡುನಡುವೆ ಸ್ವರ ಹಾಕತೊಡಗಿದ. ಸಂಘದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಕುಡಿಯುವ ಜಾಗದಲ್ಲಿ ಹಾಡುತ್ತಾನೆ ಎಂದಾರು ಎಂಬ ಭಯ ಅವನಿಗೆ.

ನವೆಂಬರಿನ ರಾಜ್ಯೋತ್ಸವದಲ್ಲಿ ಸಂಘದ ಕಾರ್ಯದರ್ಶಿ ಮಹೇಶ ಬರೆದ ಪದ್ಯವೊಂದನ್ನು ದೇವದಾಸ ಹೊಸ ಧಾಟಿಯಲ್ಲಿ ಹಾಡಿದ. ಪದ್ಯ ಸಾಧಾರಣ. ಧಾಟಿಗೆ ಸಭೆ ಉಸಿರು ಬಿಗಿಹಿಡಿಯಿತು. "ರಾಗ ಸಂಯೋಜನೆ ಕೂಡ ನಮ್ಮ ದೇವದಾಸ್ ಅವರದ್ದೇ!" ಎಂದು ಮಹೇಶ ಮೈಕಿನಲ್ಲಿ ಕೂಗಿದ. ದೇವದಾಸ ಕೈ ಮುಗಿದ. ಅಲ್ಲ ಎನ್ನಲಿಲ್ಲ. ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟೆವು. ಸಂಘದವರು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರು.

ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಯುಗಾದಿ ಕಾರ್ಯಕ್ರಮದ ಮಾತಿಗೆಂದು ನಾನು ಅವನ ಮನೆಯಲ್ಲಿದ್ದೆ. ಬಾಗಿಲು ಬಡಿದವಳು ಹಿರುತ್. ಒಳಗೆ ಬಂದು ಕೂರಲಿಲ್ಲ. ಚಪ್ಪಲಿ ಗೂಡಿನ ಪಕ್ಕ ನಿಂತೇ ಫೋನಿನಲ್ಲಿ ನಮ್ಮ ವಿಡಿಯೋ ತೋರಿಸಿದಳು. ಮಾತು ಇಂಗ್ಲಿಷಿನಲ್ಲಿ ನಡೆಯಿತು.

"ಇದು ನನ್ನ ಮೊದಲ ಆಲ್ಬಮ್ಮಿನ ಹಾಡು, ದೇವ್. ನನ್ನ ಹಾಡು ರೆಕಾರ್ಡ್ ಮಾಡುವ ಕಂಪನಿಯವರು ಇದನ್ನ ನೋಡಿದ್ದಾರೆ. ಈ ಧಾಟಿ ಆಗಲೇ ಒಬ್ಬ ಭಾರತೀಯನ ಹೆಸರಲ್ಲಿದೆ, ನಾನೇ ಕದ್ದಿರಬೇಕು ಅಂತಾರೆ. ಇದು ಹಿರುತ್‌ದು ಅಂತ ನೀನು ಎಲ್ಲರೆದುರು ಹೇಳದಿದ್ದರೆ ಹಾಡು ಕೈಬಿಡ್ತಾರೆ."

"ರಾಗ ಯಾರ ಸ್ವತ್ತೂ ಅಲ್ಲ, ಹಿರುತ್," ಎಂದ ದೇವದಾಸ. "ಹಳೇ ಪದಕ್ಕೆ ಹೊಸ ರಾಗ, ಈ ಧಾಟೀಲಿ ಆ ಹಾಡು, ನಮ್ಮ ಕಡೆ ಇದೆಲ್ಲ ಇದ್ದದ್ದೇ. ಸಂಪ್ರದಾಯ."

ಅವಳು ವಾದಿಸಲಿಲ್ಲ. ಅಲ್ಲೇ ನಿಂತು ಹಾಡಿದಳು. ನಮ್ಮ ಗಮಕದ ಹಾಗೆ ಆ ಕಂಠ ತೂಗುವುದಿಲ್ಲ. ಸ್ವರದ ಮೇಲೆ ನಿಂತು ಗಂಟಲಲ್ಲೇ ಸಣ್ಣಗೆ ನಡುಗುತ್ತದೆ. ಮೇಲಿನ ಷಡ್ಜ ಮುಟ್ಟೀತು ಎನ್ನುವಷ್ಟರಲ್ಲಿ ಮುಟ್ಟದೆ ಧೈವತದಲ್ಲೇ ನಿಂತುಬಿಟ್ಟಿತು. ನವೆಂಬರಿನಲ್ಲಿ ನಾವು ಉಸಿರು ಹಿಡಿದಿದ್ದು ಅಲ್ಲೇ. ಐದು ಸ್ವರ ಯಾರದಾದರೂ ಆಗಿರಲಿ, ಹಾಗೆ ನಿಲ್ಲಬೇಕೆಂದು ಕಂಡುಕೊಂಡವಳು ಇವಳು. ಅದು ಆ ಕೋಣೆಯಲ್ಲಿ ಎಲ್ಲರಿಗೂ ತಿಳಿಯಿತು.

"ರೀ, ಇದು ಅವಳದಾ?" ಎಂದಳು ಅನಿತಾ. "ನಮ್ಮನೆಯವ್ರೇ ಕಟ್ಟಿದ್ದು ಅಂತ ಮೈಸೂರಿಗೆಲ್ಲ ಫೋನ್ ಮಾಡಿ ಕೊಚ್ಕೊಂಡಿದ್ದೀನಲ್ರೀ!"

ಸೋಫಾದಿಂದ ತಲೆ ಎತ್ತದೆ ವಿಸ್ಮಯಾ, ಇಲ್ಲಿನ ಶಾಲೆಮಕ್ಕಳ ಇಂಗ್ಲಿಷಿನಲ್ಲಿ, "ದಟ್ಸ್ ಕಾಪಿಯಿಂಗ್ ಲಾ, ಅಪ್ಪಾ. ಇನ್ ಸ್ಕೂಲ್ ಯು ಗೆಟ್ ಝೀರೋ," ಎಂದಳು.

ದೇವದಾಸನ ಕಿವಿ ಕೆಂಪಾದವು. "ವಿಡಿಯೋ ತೆಗೆಸ್ತೀನಿ," ಎಂದ.

"ತೆಗೆಸಿದರೆ ಮುಚ್ಚಿಟ್ಟ ಹಾಗೆ. ಹೇಳಬೇಕು," ಎಂದಳು ಹಿರುತ್. ಅನಿತಾ ತಂದ ಚಹಾ ಮುಟ್ಟದೆ ಹೊರಟಳು. ಅವಳನ್ನು ಲಿಫ್ಟಿನವರೆಗೆ ಬಿಟ್ಟು ಬಂದ ಅನಿತಾ ಆ ಚಹಾವನ್ನು ಒಳಗೆ ಒಯ್ದಳು.

"ಎಲ್ಲರ ಮುಂದೆ ಹೆಂಗ್ ಹೇಳ್ಲಿ ಮೇಡಂ? ಪೇಟ ಹಾಕಿಸ್ಕೊಂಡಿದ್ದೀನಿ."

"ಹಾಕಿಸಿಕೊಂಡ ತಲೆ ನಿನ್ನದೇ ತಾನೆ?" ಎಂದು ನಾನೂ ಎದ್ದೆ. ಅವನಿಗೆ ಪೇಟ ತೊಡಿಸಿದ ಕೈ ನನ್ನದು. ಮನೆ ಮುಟ್ಟುವವರೆಗೆ ಅದೇ ನೆನಪು.

ಆಮೇಲೆ ಅವನು ಬಾಂಗ್ಸಾರಿಗೂ ಹೋಗಲಿಲ್ಲ, ನನಗೂ ಸಿಗಲಿಲ್ಲ. ಯುಗಾದಿಗೆ ತನ್ನನ್ನು ಕರೆಯಬೇಡಿ ಎಂದು ಮಹೇಶನಿಗೆ ಹೇಳಿದನಂತೆ. ಮಹೇಶ ಬಿಡುತ್ತಾನೆಯೇ? ಅಷ್ಟರಲ್ಲಿ ಅದು ಸಂಘದ ಹಾಡಾಗಿತ್ತು. ನಾನೂ ಅವನ ಹೆಸರು ತೆಗೆಯಲಿಲ್ಲ. ಜ್ವರದ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾನೆ ಎಂದುಕೊಂಡೆ.

ಯುಗಾದಿಯ ದಿನ ಬಂದ. ಹೆಸರು ಕರೆದಾಗ ವೇದಿಕೆ ಹತ್ತಿದ. ಮಾತು ಮೈಕಿಗೆ ಸರಿಯಾಗಿ ಸಿಗಲೂ ಇಲ್ಲ.

"ಈ ಧಾಟಿ ನಂದಲ್ಲ. ಹಿರುತ್ ಅಂತ, ಅವರು ಕಟ್ಟಿದ್ದು. ಅವತ್ತು ನಂದು ಅಂದಾಗ ಸುಮ್ನಿದ್ದೆ. ಅವರ ಮಾತಲ್ಲೇ ಹಾಡ್ತೀನಿ."

ಅಮ್ಹಾರಿಕಿನಲ್ಲಿ ಶುರು ಮಾಡಿದ. ಮುಂದಿನ ಸಾಲಿನವರು ಮುಖಮುಖ ನೋಡಿಕೊಂಡರು. ಮಕ್ಕಳು ಕಿಸಕ್ಕನೆ ನಕ್ಕವು. "ಸಾರ್, ನನ್ನ ಪದ್ಯ?" ಎಂದು ಮಹೇಶ ಪಕ್ಕದಿಂದ ಪಿಸುಗುಟ್ಟಿದ್ದು ಮೈಕಿನಲ್ಲೇ ಕೇಳಿಸಿತು. ದೇವದಾಸನಿಗೆ ಚೆನ್ನಾಗಿ ಬರುತ್ತಿದ್ದುದು ಪಲ್ಲವಿ ಮಾತ್ರ. ಚರಣದಲ್ಲಿ ಮಾತು ಮರೆತು ನಿಂತ.

"ಕನ್ನಡದಲ್ಲಿ ಹಾಡ್ರೀ ಮಾರಾಯ್ರೆ! ಒಬ್ಬಟ್ಟು ಆರ್ತಾ ಇದೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆಗೆ ಸಭೆಯೇ ನಕ್ಕಿತು. ಅನಿತಾ ತಲೆ ತಗ್ಗಿಸಿದಳು.

ಹಿರುತ್ ಅಲ್ಲಿರಲಿಲ್ಲ; ಹೀಗೆ ಹಾಡುತ್ತೇನೆಂದು ಅವನು ಅವಳಿಗೆ ಹೇಳಿಯೇ ಇರಲಿಲ್ಲವೆಂದು ಅನಿತಾಳಿಂದ ಆಮೇಲೆ ತಿಳಿಯಿತು. ಸಂಘದ ಕ್ಯಾಮೆರಾ ಓಡುತ್ತಿತ್ತು. ಹೇಳಬೇಕಾದ್ದು ಹೇಳಿಯಾಗಿದೆ, ಇನ್ನು ಇಳಿದುಬಿಡಲಿ ಎಂದು ನಾನೇ ಅಂದುಕೊಂಡೆ.

ಅವನು ಬೆವರು ಒರೆಸಿಕೊಂಡು, ಶ್ರುತಿಪೆಟ್ಟಿಗೆಯ ಕಡೆ ಕಿವಿ ಕೊಟ್ಟು, ಅಮ್ಹಾರಿಕಿನ ಮೊದಲ ಮಾತಿನಿಂದಲೇ ಮತ್ತೆ ಹಾಡತೊಡಗಿದ.